ಪರೀಕ್ಷೆಯ ದಿನದ ಗಂಜಿ

ಕೊರೊನಾ ಕಾಲದಲ್ಲಿ ರೈಲಿನಲ್ಲಿ ಕೆಮ್ಮುವವನಷ್ಟು ಪಾಪಿ ಇನ್ನೊಬ್ಬನಿರಲಿಲ್ಲ. ನನ್ನ ಗಂಡ ವಾಮನ, ನಾವು ನೆಲೆಸಿದ ಪರದೇಶದ ಊರು ಯುಟ್ರೆಕ್ಟಿನ ರೈಲಿನಲ್ಲಿ ಒಮ್ಮೆ ಕೆಮ್ಮಿದರೆ ಅರ್ಧ ಬೋಗಿ ಖಾಲಿ. ಅವರದು ಕೊರೊನಾ ಅಲ್ಲ, ಎಂಟು ವರ್ಷದ ಹುಳಿತೇಗು. ಹೊಟ್ಟೆಯ ಆಸಿಡ್ ಗಂಟಲಿಗೇ ನುಗ್ಗುತ್ತಿತ್ತು, ಯಾವ ಮಾತ್ರೆಗೂ ಬಗ್ಗಲಿಲ್ಲ. ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ. ಅವರು ಉಸಿರು ಸಿಕ್ಕಿಕೊಂಡು ಎದ್ದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿಯುವ ಆಪರೇಷನ್ ಇದೆ ಎಂದರು ಆಸ್ಪತ್ರೆಯವರು. ಅದಕ್ಕೆ ಮೊದಲು ಒಂದು ಪರೀಕ್ಷೆ: ಮೂಗಿನಿಂದ ಸಣ್ಣ ನಳಿಗೆ ಇಳಿಸಿ ಇಡೀ ದಿನ ಆಸಿಡ್ ಅಳೆಯುವುದು. ವಾಮನರಿಗೆ ಕತ್ತಿಯ ಹೆದರಿಕೆ. ಅದನ್ನು ಹೇಳದೆ ಬೇರೆ ನೆಪ ತೆಗೆದರು.

"ಆಮೇಲೆ ಸರಿ ತೇಗು ಬರುದಿಲ್ವಂತೆ ಮಾರಾಯ್ತಿ. ಉಂಡು ತೇಗದಿದ್ರೆ ಅದೆಂತ ಊಟ?"

"ತೇಗಿದ್ದು ಸಾಕು. ಮೊದಲು ಉಸಿರಾಡಿ," ಎಂದೆ.

ಪರೀಕ್ಷೆಯ ದಿನ ಎಂದಿನ ಊಟವನ್ನೇ ಮಾಡಬೇಕೆಂದು ನರ್ಸ್ ಹೇಳಿದ್ದಳು. ವಾಮನ ಅದನ್ನು ನನಗೆ ತಿಳಿಸಿಯೂ ಇದ್ದರು. ಆದರೆ ಮೂಗಿಗೆ ನಳಿಗೆ ಅಂಟಿಸಿಕೊಂಡು ಬಾಗಿಲಲ್ಲಿ ನಿಂತ ಗಂಡನಿಗೆ ಹುಳಿ, ಖಾರ ಬಡಿಸಲು ಉಡುಪಿಯಲ್ಲಿ ಹುಟ್ಟಿದ ಯಾವ ಹೆಂಗಸಿಗೆ ಕೈ ಬರುತ್ತದೆ? ಆಸ್ಪತ್ರೆ ಎಂದರೆ ನಮಗೆ ಪಥ್ಯ. ಮೂರು ಹೊತ್ತೂ ಗಂಜಿ, ಉಪ್ಪು. ಕಾಫಿ ಬಂದ್. ಅವರೂ ತುಟಿಪಿಟಕ್ಕೆನ್ನದೆ ಉಂಡರು.

ವಾರದ ಬಳಿಕ ಡಾಕ್ಟರ್ ಫೋನ್ ಮಾಡಿದರು. ಆಗ ಎಲ್ಲವೂ ಫೋನಿನಲ್ಲೇ. ಸ್ಪೀಕರ್ ಹಾಕಿಕೊಂಡು ಇಬ್ಬರೂ ಅಡುಗೆಮನೆಯಲ್ಲಿ ಕೂತೆವು.

"ಆಸಿಡ್ ಹೆಚ್ಚಿಲ್ಲ. ಹೀಗಿದ್ದರೆ ಆಪರೇಷನ್ ಮಾಡುವುದಿಲ್ಲ. ಆ ದಿನ ಎಂದಿನ ಊಟವನ್ನೇ ಮಾಡಿದಿರಿ ತಾನೆ?"

ವಾಮನ ನನ್ನ ಮುಖ ನೋಡಿದರು. ಎಂಟು ವರ್ಷದಲ್ಲಿ ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ.

"ಹೌದು," ಎಂದರು.

ನನಗೂ ಒಂದು ಕ್ಷಣ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಕೊರೊನಾದಿಂದಾಗಿ ಆಪರೇಷನ್ ದಿನ ನನ್ನನ್ನು ಒಳಗೆ ಬಿಡುವುದಿಲ್ಲ, ಅವರೊಬ್ಬರೇ ಹೋಗಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಮುಖ ನೋಡಲೂ ಸಿಗದು. ಈಗ ಸುಮ್ಮನಿದ್ದರೆ ಎಲ್ಲ ಮುಗಿಯಿತು. ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಕಣ್ಣು ಕೆಂಪಾಗಿ ಮೇಜು ಹಿಡಿದುಕೊಂಡರು.

"ಡಾಕ್ಟರೇ, ಅವರು ಉಂಡದ್ದು ಬರೀ ಗಂಜಿ," ಎಂದು ನಾನು ಬಾಯಿ ಹಾಕಿದೆ. "ನಾನೇ ಬೇಯಿಸಿ ಹಾಕಿದ್ದು. ದಿನಾ ತಿನ್ನುವುದು ಅದಲ್ಲ."

ಹಾಗಾದರೆ ಪರೀಕ್ಷೆ ಮತ್ತೆ ಮಾಡಬೇಕು, ಮೂರು ತಿಂಗಳು ಕಾಯಬೇಕು ಎಂದರು ಡಾಕ್ಟರ್.

ಫೋನ್ ಇಟ್ಟ ಮೇಲೆ ವಾಮನ ಗೋಡೆ ನೋಡುತ್ತ ಕೂತರು.

"ಅವರ ಕೈಗೆ ಕತ್ತಿ ಕೊಟ್ಟದ್ದು ನೀನೇ ಆಯ್ತಲ್ಲ ಅನಸೂಯಾ."

"ಹೌದು," ಎಂದೆ. ಅಳು ಬಂತು. ಮುಂದೆ ಆಪರೇಷನ್ ಕೋಣೆಯಲ್ಲಿ ಏನಾದರೂ ಆದರೆ ಅದು ನನ್ನ ಮಾತಿನಿಂದಲೇ ಆದದ್ದು.

"ಈ ಸರ್ತಿ ಊಟಕ್ಕೆ ಎಂತ ಮಾಡ್ತಿ?"

"ಹುಳಿ, ಮಿಡಿ ಉಪ್ಪಿನಕಾಯಿ. ಎರಡು ಸಲ ಕಾಫಿ."

ಅವರು ಎದ್ದು ಹಪ್ಪಳದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಹಪ್ಪಳ ಸಹ ಕರಿ," ಎಂದರು. "ತೇಗುದಾದ್ರೆ ಸರಿ ತೇಗಿಯೇ ಹೋಗುವಾ."