ಎಡಗಾಲಿನ ಕೆಲಸ

ಅಮ್ಮ ಸತ್ತು ಆರು ತಿಂಗಳಾದ ಮೇಲೆ ಚಿಗುಸಾ ಮತ್ತೆ ಒಂದು ಕಾರು ಕೊಳ್ಳಬೇಕಾಗಿ ಬಂತು. ಆಸೆಪಟ್ಟು ಅಲ್ಲ. ಅವಳು ಕೆಲಸ ಮಾಡುವ ಅಡುಗೆಮನೆ, ಸುತ್ತಲಿನ ಏಳು ಶಾಲೆಗಳಿಗೆ ಮಧ್ಯಾಹ್ನದ ಊಟ ಹೋಗುವ ಜಾಗ, ಮನೆಯಿಂದ ಹನ್ನೊಂದು ಕಿಲೋಮೀಟರು. ಬೆಳಿಗ್ಗೆ ಏಳಕ್ಕೆ ರಬ್ಬರ್ ಬೂಟು ಹಾಕಿ, ತಲೆಗೆ ಬಲೆ ತೊಟ್ಟು ನಿಂತಿರಬೇಕು. ಅವಳ ಊರಾದ ಇಸೊತಾನಿಯಿಂದ ಮೊದಲ ಬಸ್ಸು ಹೊರಡುವುದೇ ಎಂಟಕ್ಕೆ. ಬೇಸಿಗೆಯೆಲ್ಲ ಸೈಕಲ್ ತುಳಿದಳು. ಅಕ್ಟೋಬರಿನಲ್ಲಿ ಸಮುದ್ರದ ಕಡೆಯಿಂದ ಇರಚಲು ಮಳೆ ಶುರುವಾದಾಗ ಮೇಲ್ವಿಚಾರಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಚಿಗುಸಾ ಸಾನ್, ನಿಮ್ಮನ್ನ ಹಿಂಡಿದ್ರೆ ಇವತ್ತಿನ ಸಾರಿಗೆ ನೀರು ಸಾಕಾಗತ್ತೆ. ಹಿಮ ಬೀಳೋ ಹೊತ್ತಿಗೆ ಏನ್ಮಾಡ್ತೀರಿ?" ಎಂದಳು.

"ನೋಡ್ಬೇಕು," ಎಂದಳು ಚಿಗುಸಾ. ಏಪ್ರಿಲಿನಿಂದ ಯಾರು ಏನು ಕೇಳಿದರೂ ಅವಳ ಉತ್ತರ ಅದೇ.

ಏಪ್ರಿಲಿನಲ್ಲಿ ಆದದ್ದು ಊರಿಗೆಲ್ಲ ಗೊತ್ತು. ಅವಳಪ್ಪ ತೊಮೆಜಿಗೆ ಎಪ್ಪತ್ತೊಂಬತ್ತು. ಮೂವತ್ತು ವರ್ಷ ಕೈಯಿಂದ ಗೇರು ಬದಲಿಸುವ ಪುಟ್ಟ ಕಾರುಗಳನ್ನೇ ಓಡಿಸಿದವನು. ಹೋದ ವರ್ಷ ಅವನ ಎಡಮಂಡಿ ನೋಯತೊಡಗಿದಾಗ, "ಇನ್ನು ಈ ಕ್ಲಚ್ ತುಳಿಯೋದು ಸಾಕಪ್ಪ, ಆಟೋಮ್ಯಾಟಿಕ್ ತಗೊಳ್ಳೋಣ" ಎಂದವಳು ಚಿಗುಸಾ. ಅದರಲ್ಲಿ ಅವಳ ಅನುಕೂಲವೂ ಇತ್ತು. ಹತ್ತೊಂಬತ್ತರಲ್ಲಿ ಲೈಸೆನ್ಸು ಮಾಡಿಸುವಾಗ ಬೇಗ ಮುಗಿಯುತ್ತದೆಂದು ಆಟೋಮ್ಯಾಟಿಕ್ಕಿಗೆ ಮಾತ್ರ ಮಾಡಿಸಿದ್ದಳು. ಅಪ್ಪನ ಕಾರನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಗಂಡನನ್ನು ಬಿಟ್ಟು ತವರಿಗೆ ಬಂದ ಮೇಲೆ ಒಬ್ಬ ಸಹೋದ್ಯೋಗಿಯ ಕಾರಿನಲ್ಲಿ ಹೋಗಿಬರುತ್ತಿದ್ದಳು, ಆಕೆಯೂ ನಿವೃತ್ತಳಾದಳು. ಒಂದು ಆಟೋಮ್ಯಾಟಿಕ್ ಬಂದರೆ ಇಬ್ಬರಿಗೂ ಆಯಿತು. ಅಪ್ಪ ಹ್ಞೂಂ ಅಂದ. ಸೇತುವೆ ಪಕ್ಕದ ಎನೋಮೊತೊ ಗ್ಯಾರೇಜಿನಲ್ಲಿ ಇಬ್ಬರೂ ಹೋಗಿ ತಿಳಿನೀಲಿ ಬಣ್ಣದ್ದೊಂದನ್ನು ಆರಿಸಿದರು.

ಐದನೆಯ ತಿಂಗಳು, ತರಕಾರಿ ಅಂಗಡಿಯ ಮುಂದೆ ಕಾರು ನಿಲ್ಲಿಸುವಾಗ ಅಮ್ಮ ಫುಸಾಕೊ ಮೊದಲೇ ಇಳಿದು, ಎದುರಿಗೆ ನಿಂತು ಎರಡೂ ಕೈಯಿಂದ "ಬಾ, ಇನ್ನೂ ಬಾ" ಎಂದು ದಾರಿ ತೋರಿಸುತ್ತಿದ್ದಳು. ಆಮೇಲೆ ಸಾಕು ಎಂದು ಅಂಗೈ ಎತ್ತಿದಳು. ತೊಮೆಜಿ ಬ್ರೇಕು ಎಂದುಕೊಂಡು ತುಳಿದದ್ದು ಬ್ರೇಕಾಗಿರಲಿಲ್ಲ. ಕಾರು ನಿಲ್ಲಲಿಲ್ಲವೆಂದು ಇನ್ನೂ ಜೋರಾಗಿ ತುಳಿದ. ಅಮ್ಮನ ಬೆನ್ನ ಹಿಂದೆ ತಂಪು ಪಾನೀಯ ಮಾರುವ ಆಳೆತ್ತರದ ಕಬ್ಬಿಣದ ಯಂತ್ರ ಇತ್ತು.

ಪೊಲೀಸರು ಬಂದರು, ವಕೀಲರು ಬಂದರು, ಕೋರ್ಟಾಯಿತು. ವಯಸ್ಸು ನೋಡಿ ಜೈಲಿಗೆ ಕಳಿಸಲಿಲ್ಲ. ಅಪ್ಪನ ಲೈಸೆನ್ಸು ಹೋಯಿತು, ಕಾರು ಗುಜರಿಗೆ ಹೋಯಿತು. ಚಿಗುಸಾ ಅಳಲಿಲ್ಲ. ಸುಟ್ಟ ಮೇಲೆ ಪದ್ಧತಿಯಂತೆ ಕಡ್ಡಿಗಳಿಂದ ಅಮ್ಮನ ಮೂಳೆ ಎತ್ತಿಡುವಾಗ ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಬಂದವರು ಗಟ್ಟಿಗಿತ್ತಿ ಎಂದರು. ಒಂದು ವಾರ ಬಿಟ್ಟು ಕೆಲಸಕ್ಕೆ ಹೋದವಳಿಗೆ ಉಪ್ಪು ತಿಳಿಯುತ್ತಿರಲಿಲ್ಲ. ದೊಡ್ಡ ಸೌಟಿನಿಂದ ಸಾರು ಬಾಯಿಗೆ ಬಿಟ್ಟುಕೊಂಡರೆ ಬಿಸಿ ಮಾತ್ರ ಗೊತ್ತಾಗುತ್ತಿತ್ತು. ಅಂದಿನಿಂದ ಪಕ್ಕದ ಒಲೆಯವಳು ಬಂದು ರುಚಿ ನೋಡಿ ಹೋಗುತ್ತಾಳೆ. ಮನೆಯಲ್ಲಿ ಅಪ್ಪ, ಮಗಳು ಎದುರುಬದುರು ಕೂತು ಊಟ ಮಾಡುತ್ತಾರೆ. ಟಿವಿ ಹಾಕಿರುತ್ತಾರೆ. ಅದರ ಸದ್ದನ್ನು ಯಾರೂ ಕಡಿಮೆ ಮಾಡುವುದಿಲ್ಲ.

ಮಳೆ ಬಿಟ್ಟ ಒಂದು ಶನಿವಾರ ಚಿಗುಸಾ ಸೈಕಲ್ಲಿನಲ್ಲೇ ಎನೋಮೊತೊ ಗ್ಯಾರೇಜಿಗೆ ಹೋದಳು. ಎನೋಮೊತೊ ಕಾರಿನ ಕೆಳಗಿನಿಂದ ಹೊರಬಂದು ಟೋಪಿ ತೆಗೆದ. ನಲವತ್ತೊಂಬತ್ತನೆಯ ದಿನದ ಕರ್ಮಕ್ಕೆ ಲೋಕಾಟ್ ಹಣ್ಣಿನ ಬುಟ್ಟಿ ಹಿಡಿದು ಬಂದು ಚಾಪೆಗೆ ಹಣೆ ಹಚ್ಚಿದವನು ಇವನು. ಅವನು ಮಾರಿದ ಕಾರಿನಲ್ಲಿ ಏನೂ ದೋಷವಿರಲಿಲ್ಲ, ಪರೀಕ್ಷೆ ಮಾಡಿದವರೂ ಹಾಗೇ ಬರೆದಿದ್ದರು. ಆದರೂ ಬಂದಿದ್ದ.

"ಸಣ್ಣದೊಂದು ಕಾರು ಬೇಕಿತ್ತು," ಎಂದಳು ಚಿಗುಸಾ. "ಹಳೇದಾದ್ರೂ ಪರವಾಗಿಲ್ಲ. ಆಟೋಮ್ಯಾಟಿಕ್ಕು."

"ಕೊಡಲ್ಲ," ಎಂದ ಎನೋಮೊತೊ.

"ಅಂದ್ರೆ?"

"ನಿಮ್ಮ ಮನೆಗೆ ಇನ್ನೊಂದು ಆಟೋಮ್ಯಾಟಿಕ್ ನನ್ನ ಕೈಯಿಂದ ಕೊಡಲ್ಲ. ಬೇರೆ ಕಡೆ ತಗೊಂಡ್ರೆ ನಿಮ್ಮಿಷ್ಟ. ನನ್ನಿಂದಾಗಲ್ಲ." ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ. "ಗೇರಿಂದಿದೆ. ಹಳದೀದು, ಅಲ್ಲಿ. ಹನ್ನೆರಡು ವರ್ಷದ್ದು, ಇಂಜಿನ್ ಗಡಿಯಾರದ ಹಾಗಿದೆ."

"ನನ್ನ ಲೈಸೆನ್ಸು ಅದಕ್ಕಾಗಲ್ಲ."

"ಗೊತ್ತು. ನಾಲ್ಕು ಗಂಟೆ ಕಲಿತ್ರೆ ಆ ನಿರ್ಬಂಧ ತೆಗೀತಾರೆ. ಡ್ರೈವಿಂಗ್ ಶಾಲೆಗೆ ನಾನೇ ಫೋನ್ ಮಾಡ್ತೀನಿ."

ಅಲ್ಲೇ ನಿಂತು ಮಾಡಿಯೂಬಿಟ್ಟ. ಚಿಗುಸಾ ಬೇಡ ಎನ್ನಲಿಲ್ಲ. ಬೇಡ ಎನ್ನಲು ಎಲ್ಲಿಂದಲೋ ಒಂದು ಹಟ ಎತ್ತಿ ತರಬೇಕಿತ್ತು, ಅದು ಅವಳಲ್ಲಿರಲಿಲ್ಲ.

ಸುದ್ದಿ ಕೇಳಿ ನೊಬು ಚಿಕ್ಕಮ್ಮ ಬಂದಳು. ಅಮ್ಮನ ತಂಗಿ, ಮೀನು ಒಣಗಿಸುವ ಶೆಡ್ಡಿನಲ್ಲಿ ಕೆಲಸ, ಬಾಯಿ ಜೋರು. ಅಕ್ಕನ ಫೋಟೋದ ಮುಂದೆ ಊದುಬತ್ತಿ ಹಚ್ಚಿ, ಗಂಟೆ ಬಾರಿಸಿ, ಕೈಮುಗಿದು ಕಣ್ಣು ತೆರೆಯುವ ಮೊದಲೇ ಶುರುಮಾಡಿದಳು.

"ಐವತ್ತಕ್ಕೆ ಬಂದು ಗೇರು ಕಲಿತೀಯಂತೆ? ಆಮೇಲೇನು, ಲಾರೀಲಿ ಮೀನು ಹೇರ್ಕೊಂಡು ಒಸಾಕಾಗೆ ಹೋಗ್ತೀಯಾ?"

"ಎನೋಮೊತೊ ಆಟೋಮ್ಯಾಟಿಕ್ ಕೊಡಲ್ಲ ಅಂತಾನೆ."

"ಅವನ್ಯಾರೇ ಕೊಡದಿರೋಕೆ! ಗೇರಿನ ಗಾಡಿ ಈಗ ಯಾರು ಓಡಿಸ್ತಾರೆ, ತೋಟದ ಮುದುಕರು ಬಿಟ್ರೆ? ಈಗಿನ ಆಟೋಮ್ಯಾಟಿಕ್ಕು ಎದುರಿಗೆ ಬೆಕ್ಕು ಬಂದ್ರೂ ತಾನೇ ನಿಲ್ಲುತ್ತೆ. ಒಂದು ಕೈಲಿ ಗೇರು, ಕಾಲಲ್ಲಿ ಮೂರು ಪೆಡಲು. ಎರಡಕ್ಕೇ ಹೀಗಾಯ್ತು, ಇನ್ನು ಮೂರಾದ್ರೆ..."

ಅವಳು ನಿಲ್ಲಿಸಿದಳು. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ತೊಮೆಜಿ ಅಲ್ಲಿ ಟಿವಿ ನೋಡುತ್ತ ಕೂತಿದ್ದ. ತಲೆ ತಿರುಗಿಸಲಿಲ್ಲ. ಚಿಕ್ಕಮ್ಮ ತಂದಿದ್ದ ಒಣಮೀನನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟು ಚಹಾ ಕುಡಿಯದೇ ಹೋದಳು.

ಡ್ರೈವಿಂಗ್ ಶಾಲೆಯಲ್ಲಿ ಕಲಿಸಲು ಬಂದವಳು ಹಿರೋನಾಕಾ ಎಂಬ ಅರವತ್ತು ದಾಟಿದ ಹೆಂಗಸು, ಇಪ್ಪತ್ತು ವರ್ಷ ಬಸ್ಸು ಓಡಿಸಿದವಳು. ಚಿಗುಸಾಳ ಹೆಸರು ಓದಿ ಒಂದು ಗಳಿಗೆ ಹಾಳೆಯನ್ನೇ ನೋಡಿದಳು. ಗೊತ್ತಾಯಿತು ಎಂದು ಚಿಗುಸಾಗೆ ತಿಳಿಯಿತು. ಹಿರೋನಾಕಾ ಮಾತ್ರ, "ಕೂತ್ಕೊಳ್ಳಿ. ಎಡಗಾಲಿಗೆ ಇಷ್ಟು ವರ್ಷ ರಜೆ ಕೊಟ್ಟಿದ್ರಿ, ಇವತ್ತಿಂದ ಡ್ಯೂಟಿ" ಎಂದಳು.

ಮೊದಲ ಗಂಟೆಯಲ್ಲಿ ಇಂಜಿನು ಹದಿನೇಳು ಸಲ ನಿಂತಿತು. ಕಾರು ಬಿಕ್ಕಳಿಸುತ್ತಿತ್ತು, ಮುಂದಕ್ಕೆ ಮುಗ್ಗರಿಸುತ್ತಿತ್ತು, ಆರುತ್ತಿತ್ತು.

"ಬೆಕ್ಕಿನ ಬಾಲದ ಮೇಲಿಂದ ಕಾಲು ತೆಗೆಯೋ ಹಾಗೆ," ಎಂದಳು ಹಿರೋನಾಕಾ. "ಅದಕ್ಕೆ ಗೊತ್ತಾಗಬಾರದು."

"ಕ್ಷಮಿಸಿ."

"ನನಗ್ಯಾಕೆ? ನಿಂತ್ರೆ ನಿಲ್ಲತ್ತೆ, ಮತ್ತೆ ಹಚ್ಚಿ. ತಪ್ಪು ಮಾಡಿದ್ರೆ ಸತ್ತುಹೋಗೋದು ಇದರ..." ಹೇಳುತ್ತ ಹೇಳುತ್ತ ಮಾತು ಕಹಿಯಾಯಿತೇನೋ, ಹಿರೋನಾಕಾ ಕೆಮ್ಮಿದಳು. "ಇದರ ಸ್ವಭಾವ. ಮೊದಲನೇ ಗೇರು."

ಅವಳು ಅಷ್ಟು ಪೇಚಾಡಬೇಕಿರಲಿಲ್ಲ. ಚಿಗುಸಾಗೆ ಏನೂ ಅನ್ನಿಸಿರಲಿಲ್ಲ. ಮಾತುಗಳೆಲ್ಲ ಗಾಜಿನ ಆಚೆಯಿಂದ ಬಂದಂತೆ ಬರುತ್ತಿದ್ದವು, ಅರ್ಥವಾಗುತ್ತಿದ್ದವು, ತಗಲುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಯಿತು. ಅಷ್ಟು ದಿನಗಳಲ್ಲಿ ಅವಳ ಮೈಯಲ್ಲಿ ಇಲ್ಲಿ ಇದೆ ಎಂದು ಬೆರಳಿಟ್ಟು ತೋರಿಸಬಹುದಾದ್ದು ಅದೊಂದೇ ನೋವು.

ಎರಡನೆಯ ಪಾಠವಾದ ಸಂಜೆ, ಊಟಕ್ಕೆ ಕೂತಾಗ, ಚಿಗುಸಾ ಮೇಜಿನ ಕೆಳಗೆ ಕಾಲು ನೀವಿಕೊಳ್ಳುತ್ತಿದ್ದಳು. ಮೂಲಂಗಿ ಹಾಕಿ ಬೇಯಿಸಿದ ಸ್ಕ್ವಿಡ್ ಮೀನು ಇತ್ತು. ತೊಮೆಜಿ ಊಟದ ಕಡ್ಡಿಗಳನ್ನು ಕೆಳಗಿಟ್ಟ.

"ಕ್ಲಚ್ಚಾ?"

"ಹ್ಞೂಂ."

ಅವನು ಟಿವಿಯ ಸದ್ದು ಕಡಿಮೆ ಮಾಡಿದ. ಅದನ್ನು ಅವನು ಮಾಡಿದ್ದು ಏಪ್ರಿಲಿನ ನಂತರ ಇದೇ ಮೊದಲು.

"ಹಳೇ ಗಾಡೀಲೂ ಆಗಿತ್ತು," ಎಂದ.

"ಏನು?"

"ಕಾಲು ತಪ್ಪಿದ್ದು. ಹೋದ ವರ್ಷ, ಬೇಸಿಗೇಲಿ. ಮೀನುಗಾರರ ಸಂಘದ ಅಂಗಳದಲ್ಲಿ. ಬ್ರೇಕ್ ಅಂತ ಆಕ್ಸಿಲರೇಟರ್ ತುಳಿದೆ. ಎಡಗಾಲು ಅದರ ಪಾಡಿಗೆ ಕ್ಲಚ್ ಒತ್ತಿತ್ತು, ಅಭ್ಯಾಸ. ಇಂಜಿನ್ ಕಿರುಚಾಡ್ತು, ಗಾಡಿಗೆ ವೇಗ ಬರಲಿಲ್ಲ. ಹಾಗೇ ಉರುಳಿ ನಿಂತ್ಕೊಳ್ತು."

ಚಿಗುಸಾ ಕಾಲು ನೀವುವುದನ್ನು ನಿಲ್ಲಿಸಿದಳು.

"ಅಮ್ಮ ಇದ್ಲಾ?"

"ಪಕ್ಕದಲ್ಲೇ. ಎಂಥ ಗಲಾಟೆ ಮಾಡಿದ್ರಿ, ಮರದ ಮೇಲಿನ ಜೀರುಂಡೆಗಳೆಲ್ಲ ಬಾಯಿ ಮುಚ್ಚಿದ್ವು ಅಂತ ನಕ್ಕಳು. ನಾನೂ ನಕ್ಕೆ. ಆಮೇಲೆ ಇನ್ನೊಂದು ಸಲ ಆಯ್ತು. ಆಗ ಇಬ್ಬರೂ ನಗಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಲೈಸೆನ್ಸ್ ವಾಪಸ್ ಕೊಡು ಅಂತಿದ್ದೆ."

"ಅಂತಿದ್ದೆ."

"ಅದಕ್ಕೇ. ನಿಮ್ಮಮ್ಮ ಹೇಳ್ಬೇಡಿ ಅಂದಳು. ನಾನೂ ಹೇಳೋದು ಬೇಡ ಅಂದ್ಕೊಂಡಿದ್ದೆ." ಅವನು ತನ್ನ ಬಟ್ಟಲೊಳಗೆ ನೋಡುತ್ತಿದ್ದ. "ಎಡಗಾಲಿಗೆ ಕೆಲಸ ಇರೋತನಕ ಬಲಗಾಲು ತಪ್ಪಿದ್ರೂ ನಡೀತಿತ್ತು. ನನಗದು ಗೊತ್ತಿತ್ತು. ನಿನಗೆ ಗೊತ್ತಿರಲಿಲ್ಲ."

"ಗೊತ್ತಿದ್ದೂ ಮತ್ಯಾಕೆ ಹ್ಞೂಂ ಅಂದೆ, ನಾನು ಆಟೋಮ್ಯಾಟಿಕ್ ಅಂದಾಗ?"

ಕೆಳಗಿಟ್ಟಿದ್ದ ಕಡ್ಡಿಗಳನ್ನು ತೊಮೆಜಿ ನೆಟ್ಟಗೆ ಜೋಡಿಸಿದ. ದೊಡ್ಡ ಕಾರಣವೊಂದು ಸಿಗಬಹುದೇ ಎಂದು ಅವನೂ ಹುಡುಕುತ್ತಿದ್ದಂತಿತ್ತು.

"ಮಂಡಿ ನೋಯ್ತಿತ್ತು," ಎಂದ. "ಅಷ್ಟೆ."

ಚಿಗುಸಾ ಸಿಟ್ಟು ಬರಲಿ ಎಂದು ಕಾದಳು. ಬಂದರೆ ಬಟ್ಟಲು ಎತ್ತಿ ಎಸೆಯಬಹುದಿತ್ತು, ಕೂಗಾಡಬಹುದಿತ್ತು, ಆರು ತಿಂಗಳು ತಾನೊಬ್ಬಳೇ ಹೊತ್ತದ್ದರಲ್ಲಿ ಅರ್ಧ ಇದು ನಿನ್ನದು ಎಂದು ಅವನ ಮುಂದೆ ಹಾಕಬಹುದಿತ್ತು. ಸಿಟ್ಟು ಬರಲಿಲ್ಲ. ಹಗುರವೂ ಆಗಲಿಲ್ಲ. ಅವಳು ಆ ಕಾರನ್ನು ಆರಿಸದಿದ್ದರೆ ಅಮ್ಮ ಬದುಕಿರುತ್ತಿದ್ದಳು ಎಂಬುದು ಈಗ ಅನುಮಾನವಲ್ಲ, ಖಚಿತ. ಅಪ್ಪ ಬಾಯಿಬಿಟ್ಟಿದ್ದರೂ ಬದುಕಿರುತ್ತಿದ್ದಳು ಎಂಬುದೂ ಅಷ್ಟೇ ಖಚಿತ. ಎರಡೂ ಮೇಜಿನ ಮೇಲೆ ಅಕ್ಕಪಕ್ಕ ಕೂತಿದ್ದವು.

"ಸ್ಕ್ವಿಡ್ ಆರಿಹೋಗ್ತಿದೆ," ಎಂದಳು.

ಅಪ್ಪ ಕಡ್ಡಿ ಎತ್ತಿಕೊಂಡ. ಊಟ ಮುಗಿಸಿದರು. ಅವಳು ಪಾತ್ರೆ ತೊಳೆದಳು, ಅವನು ಒರೆಸಿಟ್ಟ. ಒರೆಸುವುದು ಅಮ್ಮನ ಕೆಲಸವಾಗಿತ್ತು. ಅವನಾಗಿಯೇ ಬಂದು ಬಟ್ಟೆ ಹಿಡಿದು ನಿಂತಿದ್ದ.

ಪಾಠಗಳನ್ನು ಅವಳು ಬಿಡಲಿಲ್ಲ. ಪರೀಕ್ಷೆಯಲ್ಲಿ ಮೊದಲ ಸಲ ಏರಿನಲ್ಲಿ ಕಾರು ಹಿಂದಕ್ಕೆ ಜಾರಿ ಫೇಲಾದಳು. ಎರಡನೆಯ ಸಲ ಪಾಸಾಯಿತು. ಲೈಸೆನ್ಸಿನ ಬೆನ್ನ ಮೇಲೆ ಒಂದು ಮುದ್ರೆ ಒತ್ತಿಕೊಟ್ಟರು. ಹಿರೋನಾಕಾ ಅವಳ ಬೆನ್ನು ತಟ್ಟಿ, "ಬಸ್ಸು ಓಡಿಸೋಕೆ ಜನ ಬೇಕಂತೆ, ಹೇಳ್ಲಾ?" ಎಂದು ನಕ್ಕಳು. ಚಿಗುಸಾ ತುಟಿ ಅಗಲಿಸಿದಳು. ನಗಬೇಕಾದ ಜಾಗ ಎಂದು ತಿಳಿದಿತ್ತು.

ನವೆಂಬರಿನ ಕೊನೆಯಲ್ಲಿ ಅವಳು ಗ್ಯಾರೇಜಿಗೆ ಹೋದಾಗ ಎರಡು ಕಾರುಗಳು ಪಕ್ಕಪಕ್ಕ ನಿಂತಿದ್ದವು. ಹಳದಿ ಗೇರಿನದು, ಮತ್ತು ಬೂದು ಬಣ್ಣದ ಆಟೋಮ್ಯಾಟಿಕ್ಕು.

"ನಿಮ್ಮ ಚಿಕ್ಕಮ್ಮ ಬಂದು ನನ್ನ ಚರ್ಮ ಸುಲಿದು ಒಣಗಿಸಿ ಹೋದ್ರು," ಎಂದ ಎನೋಮೊತೊ. "ಅವರು ಹೇಳಿದ್ದೂ ಸರಿ, ಕೊಡಲ್ಲ ಅನ್ನೋಕೆ ನಾನ್ಯಾರು? ಈ ಬೂದೀದು ಎದುರಿಗೆ ಏನಾದ್ರೂ ಇದ್ರೆ ಎಷ್ಟು ತುಳಿದ್ರೂ ಮುಂದೆ ಹೋಗಲ್ಲವಂತೆ. ಬಹುಪಾಲು. ಹಳದೀಲಿ ಅಂಥದ್ದೇನಿಲ್ಲ, ಕಿಟಕೀನೂ ಕೈಯಲ್ಲೇ ತಿರುಗಿಸ್ಬೇಕು. ಈಗ ನಿಮಗೆ ಎರಡೂ ಓಡಿಸೋಕೆ ಬರತ್ತೆ. ನೀವೇ ಹೇಳಿ."

ಚಿಗುಸಾ ಬೂದು ಕಾರಿನಲ್ಲಿ ಕೂತಳು. ಸೀಟು ಮೆತ್ತಗಿತ್ತು, ಎಲ್ಲ ಸ್ವಚ್ಛ. ಅವಳ ಎಡಗಾಲು ತಾನಾಗಿಯೇ ಮುಂದೆ ಹೋಗಿ ಏನನ್ನೋ ಹುಡುಕಿತು, ಬರಿ ನೆಲ ಸಿಕ್ಕಿತು. ಅಮ್ಮನ ಎತ್ತಿದ ಅಂಗೈ ಕಣ್ಣೆದುರು ಬರುತ್ತದೆಂದು ಅವಳು ಹೆದರಿದ್ದಳು. ಬರಲಿಲ್ಲ. ಗಾಜಿನಾಚೆ ಎನೋಮೊತೊ ನಿಂತಿದ್ದ, ಸರಿಯಾಗಿ ಕಾರಿನ ಎದುರಿಗೆ. ಅದು ಅವನಿಗೂ ಹೊಳೆದು ತಟ್ಟನೆ ಪಕ್ಕಕ್ಕೆ ಸರಿದ.

ಅವಳು ಇಳಿದು, "ಹಳದೀದು" ಎಂದಳು.

"ಇನ್ನೊಂದ್ಸಲ ಯೋಚಿಸ್ತೀರಾ?"

"ಕಲಿತಿದ್ದೀನಲ್ಲ," ಎಂದಳು. ಅದಕ್ಕಿಂತ ಒಳ್ಳೆಯ ಕಾರಣ ಅವಳಿಗೂ ಸಿಗಲಿಲ್ಲ.

ಡಿಸೆಂಬರಿನಲ್ಲಿ ಹಿಮ ಬಿತ್ತು. ಅಡುಗೆಮನೆಗೆ ಹೋಗುವ ದಾರಿಯ ಏರಿನಲ್ಲಿ, ರೈಲ್ವೆ ಸಿಗ್ನಲ್ಲಿನ ಹತ್ತಿರ, ಮೊದಲ ವಾರದಲ್ಲೇ ಮೂರು ಸಲ ಇಂಜಿನು ಆರಿತು. ಹಿಂದಿನವರು ಹಾರ್ನು ಹೊಡೆದರು. ಅವಳು ಹ್ಯಾಂಡ್‌ಬ್ರೇಕು ಎಳೆದು, ಕ್ಲಚ್ ಒತ್ತಿ, ಮತ್ತೆ ಹಚ್ಚಿದಳು. ಕನ್ನಡಿಯಲ್ಲಿ ನೋಡಿ ತಲೆಬಾಗಿ ಕ್ಷಮೆ ಕೇಳಿದಳು. ಕೆಲಸಕ್ಕೆ ಒಂದು ದಿನವೂ ತಡವಾಗಲಿಲ್ಲ.

ಹೊಸ ವರ್ಷಕ್ಕೆ ನಾಲ್ಕು ದಿನವಿರುವಾಗ ತೊಮೆಜಿ, "ಕೂದಲು ಬೆಳೆದಿದೆ" ಎಂದ. ಅವನು ಮನೆಯಿಂದ ಹೊರಗೆ ಹೋಗಿ ತಿಂಗಳುಗಳಾಗಿದ್ದವು. ಚಿಗುಸಾ ಕಾರು ಹೊರಗೆ ತಂದಳು. ಅವನು ಹತ್ತಿರ ಬಂದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಮುಂದಿನ ಬಾಗಿಲು ಬಿಟ್ಟು ಹಿಂದಿನದನ್ನು ತೆರೆದು ಹಿಂದಿನ ಸೀಟಿನಲ್ಲಿ ಕೂತ. ಅವಳು ಮೊದಲನೇ ಗೇರು ಹಾಕಿದಳು.

ಬಂದರಿನ ತಿರುವಿನಲ್ಲಿ ಇಂಜಿನು ಗೊಣಗಿತು.

"ಮೂರಕ್ಕೆ ಹಾಕು," ಎಂದ ಹಿಂದಿನಿಂದ.

"ಅಪ್ಪ, ಮಾತಾಡಿಸ್ಬೇಡ. ಓಡಿಸ್ತಿದ್ದೀನಿ."

"ಆಯ್ತು."

ಅವಳು ಮೂರಕ್ಕೆ ಹಾಕಿದಳು. ಕ್ಷೌರದಂಗಡಿಯ ಮುಂದೆ ಹಿಮ ಗೋರಿ ಬದಿಗೆ ಒಟ್ಟಿದ್ದರು. ಚಿಗುಸಾ ನಿಧಾನವಾಗಿ ಒಳಗೆ ತಿರುಗಿಸಿ ನಿಲ್ಲಿಸಿದಳು. ಎದುರಿಗೆ ಯಾರೂ ಇರಲಿಲ್ಲ. ತೊಮೆಜಿ ಎಡಮಂಡಿಯನ್ನು ಎರಡು ಕೈಯಿಂದ ಹಿಡಿದೆತ್ತಿ ಹೊರಗಿಟ್ಟು, ಇಳಿಯಲು ಬಹಳ ಹೊತ್ತು ತೆಗೆದುಕೊಂಡ. ಅವಳು ಸಹಾಯಕ್ಕೆ ಹೋಗಲಿಲ್ಲ, ಅವನೂ ಕರೆಯಲಿಲ್ಲ. ಅಂಗಡಿಯ ಗಾಜಿನ ಬಾಗಿಲು ಮುಚ್ಚಿಕೊಂಡಿತು. ಒಳಗೆ ಕ್ಷೌರಿಕ ಅವನಿಗೆ ತಲೆಬಾಗಿದ್ದು, ಅವನು ಅದಕ್ಕಿಂತ ಕೆಳಗೆ ಬಾಗಿದ್ದು ಕಾಣಿಸಿತು.

ಅರ್ಧ ಗಂಟೆ ಆಗಬಹುದು. ಅವಳು ಕಿಟಕಿಯನ್ನು ಕೈಯಿಂದ ತಿರುಗಿಸಿ ಒಂದಿಷ್ಟು ಇಳಿಸಿದಳು. ತಣ್ಣನೆಯ ಗಾಳಿ ಬಂತು. ಬೆಳಿಗ್ಗೆ ಉಪ್ಪು ಸವರಿ ಕಟ್ಟಿಕೊಂಡು ಬಂದಿದ್ದ ಅನ್ನದ ಉಂಡೆಯನ್ನು ಬಿಚ್ಚಿ, ಉಪ್ಪು ತಿಳಿಯುತ್ತದೋ ಎಂದು ಕಾಯದೆ ತಿನ್ನತೊಡಗಿದಳು.