ಬ್ರೆಡ್ ವ್ಯಾನಿಗೆ ಮಂಜಿನ ದೀಪ

ಅಳಿಯ ಅಲ್ಲ, ಮಗಳ ಗಂಡ ಎಂದು ಜನ ತಮಾಷೆಗೆ ಹೇಳುತ್ತಾರೆ. ಈ ಮನೆಯಲ್ಲಿ ಮಾತ್ರ ಆ ಇಬ್ಬರೂ ಬೇರೆ ಬೇರೆಯೇ ಆಗಿದ್ದರು. ಮನೆಯೊಳಗೆ ಆತ ಬರೀ ಮಗಳ ಗಂಡ. ಅತ್ತೆ ಹಜಾರಕ್ಕೆ ಬಂದರೆ ಎದ್ದು ನಿಲ್ಲುವನು. ನಿಂತ ಮೇಲೆ ಏನು ಮಾಡುವುದೆಂದು ತೋಚದೆ ಗೋಡೆ ಗಡಿಯಾರವನ್ನು ಸರಿಪಡಿಸಲು ಹೋಗುವನು. ನೆಟ್ಟಗೆ ನಡೆಯುತ್ತಿದ್ದ ಗಡಿಯಾರ ಹೀಗೆ ಆಗಾಗ ಕೆಟ್ಟು ಕೂರುತ್ತಿತ್ತು.

ಬ್ರೆಡ್ ವ್ಯಾನ್ ಹತ್ತಿದರೆ ಆತ ಅಳಿಯ. ಬೇಕರಿಯವನ ಜಿಪುಣತನ, ತನ್ನಪ್ಪನ ಕೋಪ, ಹೆಂಡತಿಗೆ ಹೇಳದೆ ಮೀಸೆ ಬೋಳಿಸಿ ಬೈಸಿಕೊಂಡದ್ದು, ಎಲ್ಲವನ್ನೂ ಹೇಳುವನು. ಅತ್ತೆ ನಗುವಳು, ತನ್ನದೂ ನಾಲ್ಕು ಮಾತು ಸೇರಿಸುವಳು. ಮನೆಯಲ್ಲಿ 'ನೀವು, ತಾವು' ಎನ್ನುತ್ತಿದ್ದವಳು ಮಂಜು ಕವಿದ ರಸ್ತೆಯಲ್ಲಿ "ಎಡಕ್ಕೆ ತಗೋ, ತಗೋ, ಸಾಕು ನಿಲ್ಲು" ಎಂದು ಏಕವಚನಕ್ಕೆ ಇಳಿಯುತ್ತಿದ್ದಳು. ಇಬ್ಬರೂ ಅದನ್ನು ಗಮನಿಸಿದ್ದರು, ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಅತ್ತೆ ವ್ಯಾನ್ ಹತ್ತಿದ್ದಕ್ಕೆ ಮಂಜೇ ಕಾರಣ. ಬೆಳಗಿನ ಜಾವ ಬಿಸಿ ಬ್ರೆಡ್ಡಿನ ಟ್ರೇ ತುಂಬಿಕೊಂಡು ಗುಡ್ಡದ ಮೇಲಿನ ಅಂಗಡಿಗಳಿಗೆ ಹಂಚುವುದು ಅಳಿಯನ ಕೆಲಸ. ಚಳಿ ಶುರುವಾದರೆ ಆ ರಸ್ತೆಯ ಮೇಲೆ ಮಂಜು ಅಟ್ಟದಿಂದ ಹತ್ತಿ ಸುರಿದ ಹಾಗೆ ಸುರಿಯುತ್ತಿತ್ತು. ಒಂದು ದಿನ ವ್ಯಾನಿನ ಚಕ್ರ ಚರಂಡಿಗಿಳಿದು ಟ್ರೇಗಳೆಲ್ಲ ಮಣ್ಣುಪಾಲಾದವು. ಮರುದಿನ ಅತ್ತೆ ತಲೆಗೆ ಶಾಲು ಸುತ್ತಿಕೊಂಡು ವ್ಯಾನಿನ ಪಕ್ಕ ನಿಂತಿದ್ದಳು. ಬಟ್ಟೆ ಮಿಲ್ಲಿನಲ್ಲಿ ಕಣ್ಣೆದುರು ಓಡುವ ಬಟ್ಟೆಯಲ್ಲಿ ಒಂದೆಳೆ ತಪ್ಪಿದ್ದರೂ ಕೈಯೆತ್ತಿ ಯಂತ್ರ ನಿಲ್ಲಿಸುವುದು ಆಕೆ ವರ್ಷಗಟ್ಟಲೆ ಮಾಡಿದ ಕೆಲಸ. ಕೆಲಸ ಬಿಟ್ಟ ಮೇಲೆ ಆ ಕಣ್ಣಿಗೆ ಮನೆಯಲ್ಲಿ ಅಕ್ಕಿಯ ಕಲ್ಲು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಈಗ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯ ಅಂಚನ್ನು ನೋಡುತ್ತ ಕೂರುವುದೆಂದರೆ ಆಕೆಗೆ ಮತ್ತೆ ಕೆಲಸಕ್ಕೆ ಸೇರಿದಷ್ಟು ಖುಷಿ. ವ್ಯಾನಿನ ಆ ಸೀಟು ತನ್ನದು ಎಂದು ಮನಸ್ಸಿನಲ್ಲೇ ಬರೆದುಕೊಂಡುಬಿಟ್ಟಿದ್ದಳು.

ಅದಕ್ಕೆ ಸಂಚಕಾರ ತಂದದ್ದು ಒಂದು ನೆಗಡಿ. ದವಾಖಾನೆಯಲ್ಲಿ ನರ್ಸ್ ಆಗಿದ್ದ ಮಗಳು ಅಮ್ಮನ ಹಣೆ ಮುಟ್ಟಿ ನೋಡಿ ಗಂಡನ ಕಡೆ ತಿರುಗಿದಳು.

"ಅಮ್ಮನ ತಲೆ ಏನು ಹಾರ್ನಾ, ಕಿಟಕಿ ಆಚೆ ಇಟ್ಕೊಂಡು ಹೋಗೋಕೆ?"

ಗಂಡ ಎದ್ದು ಗೋಡೆ ಗಡಿಯಾರದ ಕಡೆ ಹೋದ. ಅಮ್ಮ ಏನೋ ಹೇಳಹೊರಟು ಸೀನಿದಳು. ಸೀನು ಮುಗಿಯುವುದರೊಳಗೆ ತೀರ್ಮಾನ ಆಗಿಹೋಗಿತ್ತು. ವ್ಯಾನಿಗೆ ಫಾಗ್ ಲೈಟ್ ಹಾಕಿಸಬೇಕು, ಅಮ್ಮ ಬೆಚ್ಚಗೆ ಮಲಗಬೇಕು. ಮಂಜಿನ ವಿಷಯ ಗೊತ್ತಿರುವುದು ನಿಮ್ಮಿಬ್ಬರಿಗೇ ಆದ್ದರಿಂದ ನೀವೇ ಹೋಗಿ ಆರಿಸಿ ತನ್ನಿ ಎಂದು ಮಗಳು ಇಬ್ಬರನ್ನೂ ಸಾಗಹಾಕಿದಳು. ದಾರಿಯಲ್ಲಿ ಅಳಿಯ, ಇನ್ನು ಆ ಸೀಟಿನ ಮೇಲೂ ಎರಡು ಟ್ರೇ ಇಡಬಹುದು ಅಂದ. ಸಮಾಧಾನದ ಮಾತು ಎಂದುಕೊಂಡು ಅಂದದ್ದು. ಅತ್ತೆ ಕಿಟಕಿಯಾಚೆ ನೋಡುತ್ತ ಹೂಂ ಅಂದಳು. ಟ್ರೇಗಳ ಮೇಲೆ ಅಷ್ಟು ಹೊಟ್ಟೆಕಿಚ್ಚು ಆಕೆಗೆ ಹಿಂದೆಂದೂ ಬಂದಿರಲಿಲ್ಲ.

ದೀಪದಂಗಡಿಯವನು ಎರಡೂ ಕಿವಿಯ ಮೇಲೆ ಒಂದೊಂದು ಪೆನ್ಸಿಲ್ ಸಿಕ್ಕಿಸಿಕೊಂಡ ಲವಲವಿಕೆಯ ಮನುಷ್ಯ. ಫಾಗ್ ಲೈಟ್ ಎಂದ ಕೂಡಲೇ ಒಂದು ಉದ್ದನೆಯ ಬಿಳಿ ಎಲ್‌ಇಡಿ ಪಟ್ಟಿಯನ್ನು ಮೇಜಿನ ಮೇಲಿಟ್ಟು ಬ್ಯಾಟರಿಗೆ ಸಿಕ್ಕಿಸಿದ. ಎದುರು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಇರುವೆಯಂಥ ಅಕ್ಷರಗಳು ಕೂಡ ಎದ್ದು ಬಂದವು. ಅಳಿಯ ತೆರೆದ ಬಾಯಿ ಮುಚ್ಚಲಿಲ್ಲ.

"ಹೇಗಿದೆ ಅತ್ತೆ?"

ಹೇಗಿದೆ ಎಂಬುದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಮೊನ್ನೆ ಎದುರಿಗೆ ಬಂದ ಲಾರಿಯೊಂದು ಇಂಥದೇ ದೀಪ ಹೊತ್ತುಕೊಂಡಿತ್ತು. ಮಂಜು ಆ ಬೆಳಕನ್ನೆಲ್ಲ ಲಾರಿಯವನ ಮುಖಕ್ಕೇ ತಿರುಗಿ ಎರಚಿತ್ತು. ಅಳಿಯನಿಗೆ ಸ್ಟೀರಿಂಗ್ ಹಿಡಿಯುವುದೇ ಸಾಕಾಗಿ ಅದು ಗಮನಕ್ಕೆ ಬಂದಿರಲಿಲ್ಲ. ತಲೆ ಹೊರಗಿಟ್ಟಿದ್ದ ಅತ್ತೆ ಕಂಡಿದ್ದಳು. ಸುಣ್ಣ ಬಳಿದ ಗೋಡೆಯ ಮುಂದೆ ನಿಂತವನ ಹಾಗೆ ಲಾರಿಯವನು ದೀಪ ಆರಿಸಿ, ಆಕೆಯ ಕೂಗು ಕೇಳಿಕೊಂಡೇ ಪಕ್ಕಕ್ಕೆ ಸರಿದಿದ್ದ.

ಹಾಗಾದರೆ ಸುಮ್ಮನಿದ್ದರೆ ಆಯಿತಲ್ಲ ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಅಳಿಯ ಆಸೆಪಟ್ಟದ್ದನ್ನೇ ಕೊಳ್ಳಲಿ. ಎರಡು ದಿನ ಓಡಿಸಲಿ. ದೀಪ ಕೆಲಸಕ್ಕೆ ಬಾರದು ಎಂದು ತಾನೇ ಅರಿತು, ಮೂರನೆಯ ದಿನ 'ಅತ್ತೇ' ಎಂದು ಕರೆಯುತ್ತ ಬಂದೇ ಬರುತ್ತಾನೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

"ಚೆನ್ನಾಗಿದೆ," ಎಂದಳು.

ಅಳಿಯ ಹಿಗ್ಗಿ ಹೀರೇಕಾಯಿಯಾದ. ಇಂಥ ಬೆಳಕಿದ್ದರೆ ಕಲ್ಲುಗಣಿಯ ತಿರುವಿನಲ್ಲೂ ಇನ್ನು ನಿಧಾನ ಮಾಡಬೇಕಾಗಿಲ್ಲ ಎಂದು ಅಂಗಡಿಯವನಿಗೆ ಹೇಳಿದ. ಅಂಗಡಿಯವನು ಡಬ್ಬಿ ಹುಡುಕತೊಡಗಿದ.

ಆ ತಿರುವು ಅತ್ತೆಗೆ ಗೊತ್ತಿತ್ತು. ಕಲ್ಲುಗಣಿಯ ತಿರುವಿನಲ್ಲಿ ರಸ್ತೆಯ ಆಚೆಗೆ ಏನೂ ಇರಲಿಲ್ಲ. ಬೇಲಿ ಇಲ್ಲ, ಮರ ಇಲ್ಲ. ಕೆಳಗೆ ಗಣಿಯ ಗುಂಡಿ. ಅಲ್ಲಿ ಮಗಳ ಗಂಡ ಒಬ್ಬನೇ, ಜೋರಾಗಿ, ಸುಣ್ಣದ ಗೋಡೆಯೊಳಕ್ಕೆ ವ್ಯಾನ್ ನುಗ್ಗಿಸುವುದು ಆಕೆಯ ಕಣ್ಣಿಗೆ ಕಟ್ಟಿತು. ಸೀಟು ಹೋದರೆ ಹೋಯಿತು.

"ಅದು ಬೇಡ," ಎಂದಳು.

"ಯಾಕಮ್ಮ?" ಎಂದ ಅಂಗಡಿಯವನು. "ರಾತ್ರೀನ ಹಗಲು ಮಾಡಿ ಕೊಟ್ರೂ ಬೇಡ ಅಂತೀರಲ್ಲ."

"ಹಗಲು ಮಾಡೋದು ಬೇಡ. ಮಂಜಲ್ಲಿ ಹಗಲಲ್ಲೂ ಏನೂ ಕಾಣಲ್ಲ."

ಅಂಗಡಿಯವನು ಡಬ್ಬಿ ಕೆಳಗಿಟ್ಟು ನಕ್ಕ. ತನ್ನ ಗಾಡಿಗೆ ತಾನು ಇದನ್ನು ಹಾಕಿಲ್ಲ ಎಂದು ಒಪ್ಪಿಕೊಂಡ. ಬಂದವರು ಗೋಡೆಯ ಮೇಲೆ ಬೆಳಕು ನೋಡಿ ಮೆಚ್ಚುತ್ತಾರೆ, ಮೆಚ್ಚಿದ್ದನ್ನು ಬೇಡ ಅಂದರೆ ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾರೆ, ಅದಕ್ಕೇ ತಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ ಎಂದ. ಮಂಜಿನ ದೀಪ ಬೇರೆ ಇದೆ, ಆದರೆ ಅದರ ಗುಣ ಮಂಜಿನಲ್ಲೇ ನೋಡಬೇಕು, ಈಗ ಮಂಜು ಎಲ್ಲಿಂದ ತರುವುದು ಎಂದೂ ಕೇಳಿದ.

ಅತ್ತೆಯ ಕಣ್ಣು ಆಗಲೇ ಬಾಗಿಲಾಚೆ ಹೋಗಿತ್ತು. ಪಕ್ಕದ ಲಾಂಡ್ರಿಯ ಬಾಗಿಲಿನಿಂದ ಹಬೆ ಬುಸುಬುಸು ಹೊರಬರುತ್ತಿತ್ತು.

ಲಾಂಡ್ರಿಯವಳು ಸೊಂಟದ ಮೇಲೆ ಕೈಯಿಟ್ಟು ಮೂವರನ್ನೂ, ಅವರ ಕೈಯಲ್ಲಿದ್ದ ಬ್ಯಾಟರಿಯನ್ನೂ ನೋಡಿದಳು. ಇಷ್ಟು ವರ್ಷ ಪಕ್ಕದಲ್ಲಿದ್ದರೂ ಒಂದು ಅಂಗಿ ಇಸ್ತ್ರಿಗೆ ಕೊಡದವನು ಇವತ್ತು ಹಬೆ ಕೇಳಿಕೊಂಡು ಬಂದಿದ್ದಾನೆ ಎಂದು ದೀಪದಂಗಡಿಯವನಿಗೆ ಚುಚ್ಚಿದಳು. ಆದರೂ ಒಳಕೋಣೆಯ ಕಿಟಕಿ ಮುಚ್ಚಿ ಬಾಯ್ಲರಿನ ಕೊಳವೆ ತಿರುಗಿಸಿದಳು. ನೋಡುನೋಡುತ್ತಿದ್ದಂತೆ ಕೋಣೆ ಗುಡ್ಡದ ರಸ್ತೆಯಾಯಿತು.

ಮೊದಲು ಬಿಳಿ ಪಟ್ಟಿ ಹೊತ್ತಿಸಿದರು. ಕೋಣೆಯೇ ಮಾಯ. ಮುಂದಿದ್ದ ಇಸ್ತ್ರಿ ಮೇಜು ಮಾಯ, ಲಾಂಡ್ರಿಯವಳು ಮಾಯ, ಅಳಿಯ ಚಾಚಿದ ಕೈಯೂ ಅರ್ಧ ಮಾಯ. ಹಾಲಿನ ಪಾತ್ರೆಯೊಳಗೆ ಮುಖ ಅದ್ದಿದ ಹಾಗೆ. ಆತ ಒಂದು ಹೆಜ್ಜೆ ಹಿಂದೆ ಸರಿದ.

ಆಮೇಲೆ ಅಂಗೈಯಗಲದ ಎರಡು ಹಳದಿ ದೀಪಗಳನ್ನು ನೆಲದ ಹತ್ತಿರ ಹಿಡಿದರು. ಬೆಳಕು ಬೀಸಣಿಗೆಯ ಹಾಗೆ ಅಗಲಕ್ಕೆ ಹರಡಿತು. ಅದರ ಮೇಲಂಚನ್ನು ಕತ್ತರಿಯಿಂದ ಕತ್ತರಿಸಿದಂತಿತ್ತು. ಮೇಲೆಲ್ಲ ಹಬೆ ಹಾಗೇ ಕತ್ತಲಾಗಿ ಉಳಿಯಿತು, ಕೆಳಗೆ ನೆಲ ಕಂಡಿತು. ಒದ್ದೆ ಗೆರೆ, ಮೇಜಿನ ಕಾಲು, ಮೂಲೆಯ ಬುಟ್ಟಿ.

"ನಿಮ್ಮ ಎರಡು ಚಪ್ಪಲಿ ಬೇರೆ ಬೇರೆ," ಎಂದಳು ಅತ್ತೆ.

ಹಬೆಯೊಳಗಿನಿಂದ ಲಾಂಡ್ರಿಯವಳ ದನಿ ಬಂತು. "ದೀಪ ನೋಡೋಕೆ ಬಂದ್ರೋ, ನನ್ನ ಕಾಲು ನೋಡೋಕೋ?"

ಹೊರಗೆ ಬಂದು ಬೆವರೊರೆಸಿಕೊಳ್ಳುತ್ತ ಅಂಗಡಿಯವನು ಉತ್ಸಾಹದಿಂದ ವಿವರಿಸಿದ. ಬಣ್ಣಕ್ಕಿಂತ ಆ ಮೇಲಂಚು ಮುಖ್ಯ. ಬೆಳಕು ಮೇಲಕ್ಕೆ ಚೆಲ್ಲಿದರೆ ಮಂಜು ಅದನ್ನು ಕಣ್ಣಿಗೆ ಹೊಡೆಯುತ್ತದೆ. ದೀಪ ಬಂಪರಿನ ಕೆಳಗೇ ಕೂರಬೇಕು. ನೀರು ಒಳಗಿಳಿಯದ ಹಾಗೆ ಗಾಜಿನ ಸುತ್ತ ರಬ್ಬರ್ ಬಿಗಿಯಾಗಿರಬೇಕು. ಸ್ವಿಚ್ ಬೇರೆ ಇರಬೇಕು, ಯಾಕೆಂದರೆ ಮಂಜಿಲ್ಲದಾಗ ಹೊತ್ತಿಸಿಕೊಂಡು ಎದುರಿನವರ ಶಾಪ ಕಟ್ಟಿಕೊಳ್ಳಬಾರದು. ಅಳಿಯ ಎಲ್ಲದಕ್ಕೂ ತಲೆಯಾಡಿಸಿದ. ಅತ್ತೆ ಇಲ್ಲದಿದ್ದರೆ ಬಿಳಿಯದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದೆ ಎಂದು ಎರಡು ಸಲ ಹೇಳಿದ. ಅತ್ತೆ ನಕ್ಕಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡವರು ನಗುವ ಹಾಗೆ.

ಅಂಗಡಿಯ ಹಿಂದಿನ ಅಂಗಳದಲ್ಲಿ ದೀಪ ಕೂರಿಸಿದ್ದಾಯಿತು. ಕೊನೆಯದಾಗಿ ಬೆಳಕಿನ ಮಟ್ಟ ಹಿಡಿಯಬೇಕು. ಅಂಗಡಿಯವನು ಎದುರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದ. ಬ್ರೆಡ್ಡಿನ ಭಾರಕ್ಕೆ ಸಮ ಎಂದು ವ್ಯಾನಿನ ಹಿಂದುಗಡೆ ಹಳೇ ಟೈರುಗಳನ್ನು ಒಟ್ಟಿದ. ಹಿಂದೆ ಭಾರವಾದರೆ ಗಾಡಿಯ ಮೂತಿ ಮೇಲೇಳುತ್ತದೆ, ಮುಂದೆ ಭಾರವಾದರೆ ತಗ್ಗುತ್ತದೆ, ಖಾಲಿ ಗಾಡಿಯಲ್ಲಿ ಹಿಡಿದ ಮಟ್ಟ ರಸ್ತೆಯಲ್ಲಿ ಸುಳ್ಳಾಗುತ್ತದೆ ಎಂದ. ಅಳಿಯನನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ಸ್ಕ್ರೂಡ್ರೈವರ್ ಹಿಡಿದು ದೀಪದ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಮುಂದೆ ದಿನಾ ಯಾರು ಯಾರು ಕೂರ್ತೀರಿ?"

ಅಳಿಯ ಅಂಗಳದಂಚಿನಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿ, ಆಮೇಲೆ ಸ್ಟೀರಿಂಗ್ ನೋಡಿದ.

"ನಾನೊಬ್ನೇ. ಪಕ್ಕದಲ್ಲಿ ಟ್ರೇ ಇಡ್ತೀನಿ."

"ಟ್ರೇ ಏನು ಮಹಾ ಭಾರ. ಖಾಲಿ ಅಂತ್ಲೇ ಹಿಡೀತೀನಿ," ಎಂದ ಅಂಗಡಿಯವನು. ಸ್ಕ್ರೂ ತಿರುಗತೊಡಗಿತು.

ಸುಮ್ಮನಿದ್ದರೆ ಎಲ್ಲ ಸರಾಗ. ಆದರೆ ಖಾಲಿ ಎಂಬ ಮಾತು ಅತ್ತೆಯ ಎದೆಯಲ್ಲಿ ಮುಳ್ಳಿನ ಹಾಗೆ ನಾಟಿತು. ಮಿಲ್ಲಿನಲ್ಲಿ ಎತ್ತುತ್ತಿದ್ದ ಕೈ ತಾನಾಗಿ ಮೇಲೆದ್ದಿತು. ಅಂಗಡಿಯವನು ಸ್ಕ್ರೂ ನಿಲ್ಲಿಸಿದ. ಅತ್ತೆ ದಾಪುಗಾಲು ಹಾಕಿ ಬಂದು, ಬಾಗಿಲು ತೆರೆದು, ಸೀರೆ ಒಟ್ಟುಮಾಡಿಕೊಂಡು ಹತ್ತಿ ಕೂತಳು. ಬಾಗಿಲು ಎಳೆದುಕೊಂಡಳು.

"ನಾನೂ ಕೂರ್ತೀನಿ. ನನ್ನನ್ನೂ ಸೇರಿಸಿ ಹಿಡೀರಿ."

ಗೋಡೆಯ ಮೇಲಿನ ಬೆಳಕು ಬೆರಳಗಲ ಕೆಳಗಿಳಿಯಿತು.

ಅಳಿಯ ಸ್ಟೀರಿಂಗ್ ಬಿಟ್ಟು ಆಕೆಯ ಕಡೆ ತಿರುಗಿದ. "ನಿಮಗೆ ಕಷ್ಟ ಆಗ್ತಿದೆ ಅಂತಲ್ವಾ ಅತ್ತೆ ಈ ದೀಪ?"

"ಕಷ್ಟ ಅಂತ ನಾನು ಯಾವತ್ತಾದ್ರೂ ಅಂದಿದೀನಾ?"

"ಇಷ್ಟ ಅಂತಾನೂ ಅಂದಿರ್ಲಿಲ್ಲ."

"ಈಗ ಅಂತಿದೀನಿ. ನನಗೆ ಬರೋದು ಇಷ್ಟ. ದೀಪ ಇದ್ರೂ, ಇಲ್ದಿದ್ರೂ."

ಆತ ಸ್ಟೀರಿಂಗಿನ ಮೇಲೆ ಇಲ್ಲದ ಧೂಳನ್ನು ಒರೆಸಿದ. ಆಮೇಲೆ, ದೀಪ ಬೇಡ ಅಂದರೆ ವಯಸ್ಸಾದ ಅತ್ತೆಯನ್ನು ಬಿಟ್ಟಿ ದುಡಿಸಿಕೊಳ್ಳುತ್ತಾನೆ ಎಂದು ಹೆಂಡತಿ ತಿಳಿದುಕೊಂಡಾಳು ಎಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದನ್ನು ಹೇಳಿದ. ಅಂಗಡಿಯಲ್ಲಿ ಆ ಬೆಳಕಿಗೆ ಮರುಳಾದದ್ದು ನಿಜ, ಆದರೆ ಅತ್ತೆಯ ಸೀಟು ಖಾಲಿ ಮಾಡಿಸುವುದಾದರೆ ತನಗೆ ಬಿಳಿ ದೀಪವೂ ಬೇಕಿರಲಿಲ್ಲ, ಹಳದಿಯದೂ ಬೇಕಿರಲಿಲ್ಲ ಎಂದ.

ಅತ್ತೆಗೆ ನಗು ಬಂತು. ಮೊದಲು ಬಾಯಿಗೆ ಸೆರಗು ಹಿಡಿದಳು. ಹಿಡಿದಷ್ಟೂ ಹೊಟ್ಟೆ ಕುಲುಕಿತು. ಅಳಿಯನೂ ಶುರುಮಾಡಿದ. ಗೋಡೆಯ ಮೇಲೆ ಹಳದಿ ಬೆಳಕು ಗೆರೆಯ ಮೇಲಕ್ಕೂ ಕೆಳಕ್ಕೂ ಥಕಥಕ ಕುಣಿಯಿತು.

"ನಗಬೇಡಿ ತಾಯಿ," ಎಂದ ಅಂಗಡಿಯವನು. "ಮಟ್ಟ ಸಿಗ್ತಿಲ್ಲ."

ಮನೆಯಲ್ಲಿ ಮಗಳು ಬಟ್ಟೆ ಮಡಚುತ್ತಿದ್ದಳು. ಹೇಳಬೇಕಾದದ್ದನ್ನು ಯಾರು ಹೇಳುವುದೆಂದು ದಾರಿಯುದ್ದಕ್ಕೂ ಇಬ್ಬರೂ ನೀವು ಹೇಳಿ, ನೀವು ಹೇಳಿ ಎಂದುಕೊಂಡೇ ಬಂದಿದ್ದರು. ಕೊನೆಗೆ ಅತ್ತೆಯ ಎದುರಿಗೇ ಅಳಿಯ ಗಂಟಲು ಸರಿಮಾಡಿಕೊಂಡ.

"ದೀಪಾನ ಅತ್ತೆ ಭಾರಕ್ಕೆ ಹೊಂದಿಸಿದಾರೆ. ಅವರು ಇಳಿದುಬಿಟ್ರೆ ಬೆಳಕು ಮರದ ತುದಿಗೆ ಹೋಗುತ್ತೆ."

ಮಗಳು ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು. ಅಮ್ಮ ತನಗೆ ಬರುವುದು ಇಷ್ಟ ಎಂದು ಇಲ್ಲಿಯೂ ಬಾಯಿಬಿಟ್ಟು ಹೇಳಿದಳು. ಎರಡನೆಯ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ.

"ಹಾಗಾದ್ರೆ ನಾನು ಹತ್ತಿ ಕೂತ್ರೆ ಬೆಳಕು ಎಲ್ಲಿಗೆ ಹೋಗುತ್ತೆ?" ಎಂದಳು ಮಗಳು, ಗಂಡನಿಗೆ.

"ರಸ್ತೆ ಅಗೆಯುತ್ತೆ."

ಮಡಚಿದ ಟವೆಲ್ಲು ಹಾರಿಬಂದು ಆತನ ಮುಖಕ್ಕೆ ಬಿತ್ತು. ಕಿಟಕಿ ಮುಚ್ಚಿರಬೇಕು, ತಲೆಗೆ ಉಣ್ಣೆ ಟೋಪಿ ಇರಬೇಕು, ಒಂದೇ ಒಂದು ಸೀನು ಕೇಳಿದರೂ ಸೀಟು ರದ್ದು ಎಂದು ಮಗಳು ಷರತ್ತು ಹಾಕಿದಳು. ಅಮ್ಮ ಎಲ್ಲದಕ್ಕೂ ಒಪ್ಪಿದಳು.

ಮರುದಿನ ಗುಡ್ಡದ ಬುಡದಲ್ಲೇ ಮಂಜು ಕಾದು ಕೂತಿತ್ತು. ಅಳಿಯ ಹೊಸ ಸ್ವಿಚ್ ಒತ್ತಿದ. ಹಳದಿ ಬೆಳಕು ನೆಲಕ್ಕೆ ಒರಗಿ ಹರಡಿತು. ರಸ್ತೆಯ ಎರಡೂ ಅಂಚು, ಚರಂಡಿಯ ಹುಲ್ಲು, ದಾಟಿ ಓಡಿದ ಮೊಲದ ಹಿಂಗಾಲು ಕೂಡ ಕಂಡವು. ಅತ್ತೆ "ಎಡಕ್ಕೆ" ಎನ್ನಲು ಬಾಯಿ ತೆರೆದಳು. ವ್ಯಾನ್ ಆಗಲೇ ಎಡಕ್ಕೆ ತಿರುಗಿತ್ತು. ಬಾಯಿ ಮುಚ್ಚಿದಳು. ಸ್ವಲ್ಪ ದೂರ ಹಾಗೇ ಹೋದರು. ಮುಂದೆ ನೋಡುವ ಕೆಲಸ ಮುಗಿದುಹೋಗಿತ್ತು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಆಕೆಯ ಕಣ್ಣು ಅತ್ತಿತ್ತ ಅಲೆದು, ತನ್ನ ಕಡೆಯ ಕನ್ನಡಿಯಲ್ಲಿ ನಿಂತಿತು.

ಹಿಂದೆ ಒಂದು ಹಾಲಿನ ಗಾಡಿ ಅವರ ಬಾಲ ಹಿಡಿದು ಬರುತ್ತಿತ್ತು. ಅದರ ಹಿಂದೆ ಮಿಣಮಿಣ ಎನ್ನುತ್ತ ಇನ್ನೊಂದು, ಅದರ ಹಿಂದೆ ಒಂದು ಮೋಟಾರ್ ಸೈಕಲ್. ದಾರಿ ಕಾಣದವರೆಲ್ಲ ಬ್ರೆಡ್ ವ್ಯಾನಿನ ಬೆನ್ನು ಬಿದ್ದಿದ್ದರು.

"ಅಳಿಯಂದ್ರೇ, ಹಿಂದೆ ದೊಡ್ಡ ದಿಬ್ಬಣಾನೇ ಬರ್ತಿದೆ," ಎಂದಳು ಅತ್ತೆ.

"ಹೌದಾ? ಯಾರ್ಯಾರಿದಾರೆ?"

"ಮೋಟಾರ್ ಸೈಕಲಿನವನಿಗೆ ಟೋಪಿ ಇಲ್ಲ. ಪಾಪ, ಮೂಗು ಕೆಂಪಾಗಿದೆ."

ಅಳಿಯ ಗೇರ್ ಇಳಿಸಿ, ಹಿಂದಿನವರು ತಪ್ಪಿಹೋಗದ ಹಾಗೆ ನಿಧಾನ ಮಾಡಿದ. ಅತ್ತೆ ಕನ್ನಡಿಯ ಕಡೆಗೆ ಇನ್ನಷ್ಟು ವಾಲಿ ಕೂತು, ಹಾಲಿನ ಗಾಡಿಯವನ ಮೀಸೆಯ ವಿಷಯಕ್ಕೆ ಬಂದಳು.