ನಿಂತವನ ಕೋಟಿನ ಸುಕ್ಕು

“ಹಾಂ, ಅಲ್ಲೇ ನಿಂತ್ಕೊ. ಆ ಫೋಟೋ ಕೆಳಗೆ. ನಿನ್ ಮೂತಿಗೆ ಅದೇ ಸರಿಯಾದ ಜಾಗ,” ಅಂದ ಲಾಂಡ್ರಿ ಮಾಲೀಕ.

ನಿಂತವಳು ಇಸ್ತ್ರಿಯಕ್ಕ. ಹನ್ನೆರಡು ವರ್ಷದಿಂದ ಆಸ್ಪತ್ರೆಯ ಬೆಡ್‌ಶೀಟು, ವಕೀಲರ ಕೋಟು, ಮದುಮಗನ ಸೂಟು ಉಜ್ಜಿ ಉಜ್ಜಿ, ಸ್ತ್ರೀ ಸವೆದು ಇಸ್ತ್ರಿಯಷ್ಟೇ ಉಳಿದಿದ್ದಾಳೆ ಎಂದು ಅವಳ ಗಂಡನೇ ನಗುತ್ತಿದ್ದ. ಮಾಲೀಕನಿಗೆ ಹೆಂಗಸರು ಬೆನ್ನ ಹಿಂದೆ ಇಟ್ಟ ಹೆಸರು ಬೀಗಪ್ಪ. ಬೆಳಗ್ಗೆ ಎಂಟಕ್ಕೆ ಇಸ್ತ್ರಿ ಕೋಣೆಗೆ ಹೊರಗಿನಿಂದ ಬೀಗ ಜಡಿದರೆ ಬಿಡುಗಡೆ ಸಂಜೆ ಆರಕ್ಕೇ. ಬೆಡ್‌ಶೀಟುಗಳು ಎದ್ದು ನಡೆದು ಹೋಗಿಬಿಡಬಾರದಲ್ಲ! ಬೀಗುವುದಕ್ಕೂ ಬೀಗ ಹಾಕುವುದಕ್ಕೂ ದೇವರು ಒಬ್ಬನನ್ನೇ ಹುಟ್ಟಿಸಿ ಕೆಲಸ ಉಳಿಸಿಕೊಂಡಿದ್ದ.

ಮೊನ್ನೆ ಮಧ್ಯಾಹ್ನ ಉಗಿ ತಡೆಯಲಾರದೆ ಬಸುರಿ ಹುಡುಗಿಯೊಬ್ಬಳು ಧೊಪ್ಪನೆ ಬಿದ್ದಳು. ಹೆಂಗಸರು ಬಾಗಿಲು ಬಡಿದರು, ಕಿರುಚಿದರು. ಬೀಗಪ್ಪ ಮೇಲಿನ ಕೋಣೆಯಲ್ಲಿ ಉಂಡ ಅನ್ನಕ್ಕೆ ಗೊರಕೆಯ ಜೋಗುಳ ಹಾಡುತ್ತಿದ್ದ. ಇಸ್ತ್ರಿಯಕ್ಕ ಕೈಗೆ ಸಿಕ್ಕ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಬಾಗಿಲಿಗೆ ನಾಲ್ಕು ಬಿಟ್ಟಳು. ಬೀಗ ಗಟ್ಟಿಯಿತ್ತು, ಬಾಗಿಲು ಗಟ್ಟಿಯಿರಲಿಲ್ಲ. ಹುಡುಗಿ ಆಸ್ಪತ್ರೆ ಸೇರಿದಳು. ತಾನೇ ಇಸ್ತ್ರಿ ಮಾಡಿದ ಬೆಡ್‌ಶೀಟಿನ ಮೇಲೆ ಮೊದಲ ಸಲ ಮೈ ಚಾಚಿದಳು.

ಇವತ್ತು ವಿಚಾರಣೆ. ಹುಡುಗಿ ಬಿದ್ದದ್ದಕ್ಕಲ್ಲ, ಬಾಗಿಲು ಬಿದ್ದದ್ದಕ್ಕೆ. ಲೇಬರ್ ಆಫೀಸಿನ ಸಾಹೇಬರು ಬೀಗಪ್ಪನ ಮೇಜಿನ ಹಿಂದೆ ಕೂತು ಬಿಸ್ಕತ್ತು ಅದ್ದುತ್ತಿದ್ದರು. ಅವರ ಮುಂದೆ, ವಿಚಾರಣೆಗೆ ಮೊದಲೇ ಟೈಪಾಗಿ ಬಂದ ತಪ್ಪೊಪ್ಪಿಗೆ. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಬೀಗವೂ ಉಳಿಯುತ್ತದೆ. ಹಾಕದಿದ್ದರೆ ನಾಳೆಯಿಂದ ಕೆಲಸವಿಲ್ಲ. ಬಾಗಿಲ ಬಳಿ ದೊಡ್ಡಮ್ಮ ನಿಂತಿದ್ದಳು. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಬಾಯಿ ಕಮ್ಮಿ. ಅದಕ್ಕೇ ಬೀಗಪ್ಪ ಅವಳನ್ನು ತನ್ನ ಕಡೆಯ ಸಾಕ್ಷಿಯಾಗಿ ಆರಿಸಿದ್ದ.

“ಫೋಟೋ ನೋಡೇ, ಮುಂಡೇದೇ,” ಅಂದ ಬೀಗಪ್ಪ. “ಕಳ್ರಿಗೆ ಏನಾಗತ್ತೆ ಅಂತ ಗೊತ್ತಾಗ್ಲಿ ಅಂತ್ಲೇ ಹಾಕ್ಸಿರೋದು. ಸಾರ್, ಹಳೇ ಕಾಲದ ಜೈಲು ಇದು. ಒಳ್ಳೇ ಗಾಜು, ಒಳ್ಳೇ ಫ್ರೇಮು.”

“ಚೆನ್ನಾಗಿದೆ, ಚೆನ್ನಾಗಿದೆ,” ಅಂದರು ಸಾಹೇಬರು, ಬಿಸ್ಕತ್ತನ್ನು ನೋಡುತ್ತ.

ಇಸ್ತ್ರಿಯಕ್ಕ ತಿರುಗಿ ನೋಡಿದಳು. ಕಪ್ಪು ಬಿಳುಪಿನ ಚಿತ್ರ. ಕತ್ತಲೆ ಕೋಣೆ, ದೊಡ್ಡ ಮೇಜು, ಸುತ್ತ ಸುಳ್ಳುಗೂದಲ ಟೋಪನ್ ಹಾಕಿಕೊಂಡ ದೊಡ್ಡ ಮನುಷ್ಯರು. ನಡುವೆ ಚಿಂದಿ ಉಟ್ಟವನೊಬ್ಬ ಮೊಣಕಾಲೂರಿ ಕೈಯಲ್ಲಿ ಕಬ್ಬಿಣದ ಬೇಡಿ ಎತ್ತಿ ಹಿಡಿದಿದ್ದಾನೆ. ಪಕ್ಕದಲ್ಲಿ ಒಳ್ಳೆಯ ಕೋಟಿನವನೊಬ್ಬ ನಿಂತಿದ್ದಾನೆ. ಬೇರೆಯವರು ಮುಖ ನೋಡುತ್ತಾರೆ. ಇಸ್ತ್ರಿಯಕ್ಕ ಬಟ್ಟೆ ನೋಡಿದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಾಯಿತು.

“ಸಾರ್, ಇದ್ರಲ್ಲಿ ತಪ್ಪು ಮಾಡ್ದೋನು ಯಾರು?”

“ನಿಂಗೆ ಕಣ್ಣಿಲ್ವೇನೇ? ಹರಕು ಬಟ್ಟೆಯೋನು!”

“ಅಲ್ಲ ಬಿಡಿ. ಕೋಟಿನೋನು.”

ಬೀಗಪ್ಪ ಹೊಟ್ಟೆ ಅಲ್ಲಾಡಿಸಿ ನಕ್ಕ. “ಕೇಳಿದ್ರಾ ಸಾರ್? ಬಾಗ್ಲು ಒಡೆದಿದ್ದಾಯ್ತು, ಈಗ ಜಡ್ಜೂ ಆದ್ಲು!”

“ಅವ್ನ ಕೋಟಿನ ಅಂಚು ನೋಡಿ,” ಅಂದಳು ಇಸ್ತ್ರಿಯಕ್ಕ, ಹರಿದ ತೋಳು ತೋರಿಸುವ ದರ್ಜಿಯ ಹಾಗೆ ಗಾಜಿಗೆ ಬೆರಳಿಟ್ಟು. “ಮುಷ್ಟೀಲಿ ಹಿಂಡ್ಕೊಂಡವ್ನೆ. ಈ ಸುಕ್ಕು ನಂಗೊತ್ತು ಸಾರ್. ಇದು ಕೂತು ಬಂದಿದ್ದಲ್ಲ, ಮಳೇಲಿ ನೆಂದು ಬಂದಿದ್ದಲ್ಲ. ಉತ್ತರ ತೋಚದೇ ಇದ್ದಾಗ ಹಿಡ್ಕೋತಾರಲ್ಲ, ಆ ಸುಕ್ಕು. ಇಂಟರ್‌ವ್ಯೂಗೆ ಹೋಗಿ ಬಂದೋರ ಕೋಟಲ್ಲಿ ಇರತ್ತೆ. ಮೂರು ಸಲ ನೀರು ಚಿಮುಕಿಸಿದ್ರೂ ಹೋಗಲ್ಲ ಆ ಬಡ್ಡಿಮಗಂದು. ಕೂತಿರೋ ದೊರೆಗಳೆಲ್ಲ ನೋಡ್ತಿರೋದೂ ಅವ್ನನ್ನೇ. ಹರಕು ಬಟ್ಟೆಯೋನು ಪಾಪ, ಬೇಡಿ ತೋರಿಸ್ತಾ ದೂರು ಹೇಳ್ತಾವ್ನೆ.”

ಸಾಹೇಬರಿಗೆ ಕುತೂಹಲ ತಡೆಯಲಾಗಲಿಲ್ಲ. ಎದ್ದು ಬಂದು ಕನ್ನಡಕ ಏರಿಸಿ, ಚಿತ್ರದ ಕೆಳಗೆ ಇರುವೆ ಸಾಲಿನ ಹಾಗಿದ್ದ ಅಕ್ಷರಗಳಿಗೆ ಮೂಗು ಹಚ್ಚಿದರು. ಬೀಗಪ್ಪ ಇದರ ಬೆಲೆ ಓದಿದ್ದನೇ ಹೊರತು ಬರಹ ಓದಿರಲಿಲ್ಲ.

“ಕೈದಿಗಳಿಗೆ... ಬೇಡಿ ಹಾಕಿ ಹಿಂಸೆ ಕೊಟ್ಟ... ಜೈಲರ್ ಮೇಲೆ ಸಮಿತಿಯ ವಿಚಾರಣೆ,” ಸಾಹೇಬರು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದರು. “ಅಯ್ಯೋ, ಹೌದಲ್ರೀ! ಮಂಡಿ ಊರಿರೋನು ಸಾಕ್ಷಿ!”

ಬೀಗಪ್ಪ ಓಡಿ ಬಂದು ತಾನೂ ಗಾಜಿಗೆ ಮೂಗು ಹಚ್ಚಿದ. ನಾಲ್ಕು ವರ್ಷದಿಂದ ಕಳ್ಳರನ್ನೂ ಸೋಮಾರಿಗಳನ್ನೂ ಆ ಚಿತ್ರದ ಕೆಳಗೆ ನಿಲ್ಲಿಸಿ ಬೆವರಿಳಿಸಿದ್ದ. ಈಗ ಬೆವರು ಮನೆ ಬದಲಿಸಿತು.

“ಅಂಗಡಿಯೋನು ಹೇಳ್ಲೇ ಇಲ್ಲ ಸಾರ್, ಬೋಳಿಮಗ! ಅದಿರ್ಲಿ, ಫೋಟೋ ಕಟ್ಕೊಂಡು ನಮಗೇನು? ಲೇ, ಸಹಿ ಹಾಕ್ತೀಯೋ ಇಲ್ವೋ?”

“ಹಾಕ್ತೀನಿ,” ಅಂದಳು ಇಸ್ತ್ರಿಯಕ್ಕ. ಕಾಗದ ಎತ್ತಿಕೊಂಡಳು, ಖಾಲಿ ಬದಿ ಮೇಲೆ ಬರುವಂತೆ ಮಗುಚಿ, ಅಂಗೈಯಿಂದ ಒಮ್ಮೆ ಸವರಿ, ಕುರ್ಚಿಗೆ ಮರಳಿದ ಸಾಹೇಬರ ಮುಂದೆ ಇಟ್ಟಳು. “ನಾನು ಹೇಳಿದ್ದು ಬರ್ಕೊಳ್ಳಿ. ಬರ್ದಾದ್ಮೇಲೆ ಅಲ್ಲಿ ಹಾಕ್ತೀನಿ.”

“ನಾಳೆಯಿಂದ ಬರ್ಬೇಡ! ಇವತ್ತೇ ತೊಲಗು!”

“ತೊಲಗ್ತೀನಿ. ಮೊದ್ಲು ಬರ್ಕೊಳ್ಳಿ.”

ಸಾಹೇಬರು ಗಡಿಯಾರ ನೋಡಿದರು, ಬಾಗಿಲು ನೋಡಿದರು. ಬೀಗಪ್ಪನಿಗೆ ಆಗ ತನ್ನ ಸಾಕ್ಷಿಯ ನೆನಪಾಯಿತು. “ಏ ಮುದ್ಕಿ! ಬಾ ಇಲ್ಲಿ. ಇವ್ಳು ಬಾಗ್ಲು ಒಡೆದಿದ್ದು ನೀನು ಕಣ್ಣಾರೆ ನೋಡ್ದೆ ತಾನೆ?”

“ನೋಡ್ದೆ ಯಜಮಾನ್ರೇ.”

“ಹಾಂ! ಬರ್ಕೊಳ್ಳಿ ಸಾರ್, ಬರ್ಕೊಳ್ಳಿ!”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಹೆಚ್ಚು ಹೊತ್ತು ನಿಲ್ಲಲಾರದ ದೊಡ್ಡಮ್ಮ ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಇಳಿದಳು. ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಸೆರಗು ಸರಿಮಾಡಿಕೊಂಡಳು. ಈಗ ಯಾರೇ ಹೊರಗೆ ಹೋಗಬೇಕಾದರೂ ಅವಳನ್ನು ದಾಟಬೇಕಿತ್ತು.

“ಒಡೆದಿದ್ದೂ ನೋಡ್ದೆ,” ಅಂದಳು. “ಅದ್ಕೆ ಮುಂಚೆ ಹತ್ತೊಂಬತ್ತು ವರ್ಷ ನೋಡಿದೀನಲ್ಲ, ಅದೂ ಹೇಳ್ತೀನಿ. ಉಗಿಗೆ ಬಿದ್ದೋರು ಮೊನ್ನೆಯ ಹುಡ್ಗಿ ಒಬ್ಳೇ ಅಲ್ಲ ಮಗಾ. ಒಂದು ಕೂಸು ಅಲ್ಲೇ, ಬೆಡ್‌ಶೀಟಿನ ರಾಶಿ ಮೇಲೇ ಉಸಿರು ಕಟ್ಟಿ ಹೋಯ್ತು. ಅವತ್ತೂ ಕೂಗಿದ್ವಿ.”

ಇಸ್ತ್ರಿಯಕ್ಕನಿಗೂ ಇದು ಗೊತ್ತಿರಲಿಲ್ಲ.

“ಆ ಕೂಸು ಯಾರ್ದಮ್ಮ?” ಸಾಹೇಬರ ದನಿ ಸಣ್ಣಗಾಗಿತ್ತು.

“ನಂದು,” ಅಂದಳು ದೊಡ್ಡಮ್ಮ. “ಬರ್ಕೊಳಪ್ಪ. ಆ ಒಂದು ಹಾಳೆ ಸಾಲಲ್ಲ, ಇನ್ನಷ್ಟು ತರ್ಸು.”